ಮೂರು ಚೀಟಿ, ಮೂರು ಹೆಸರು: ಯಾವುದನ್ನು ನಂಬಲಿ?

ಅಕ್ಕಾ,

ನನಗೆ 31 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು. ಕರಿಹಲಗೆಯ ಮುಂದೆ ನಿಂತರೆ ಬರೆಯಬೇಕಾದ ಅಕ್ಷರವೇ ಮರೆಯುತ್ತಿತ್ತು. ದಾವಣಗೆರೆಯ ವೈದ್ಯರು ಡಿಪ್ರೆಶನ್ ಎಂದು ಗುಳಿಗೆ ಕೊಟ್ಟರು. ತಿಂಗಳೊಳಗೆ ಆರಾಮಾದೆ. ಆರಾಮಾದದ್ದು ಸ್ವಲ್ಪ ಹೆಚ್ಚೇ ಆಯಿತೇನೋ! ರಾತ್ರಿ ಮೂರು ತಾಸು ಮಲಗಿದರೂ ಸುಸ್ತೆಂಬುದಿಲ್ಲ. ದೀಪಾವಳಿಗೆ ಯಾರಿಗೂ ಹೇಳದೆ ಬಂಗಾರ ಅಡವಿಟ್ಟು ಮನೆಮಂದಿಗೆಲ್ಲ ಬಟ್ಟೆ ತಂದೆ. ಮುಖ್ಯೋಪಾಧ್ಯಾಯರ ಮೇಲೆ ಮಕ್ಕಳೆದುರೇ ಕೂಗಾಡಿದೆ. ಯಜಮಾನರು ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿನ ವೈದ್ಯರು ಬೈಪೋಲಾರ್ ಎಂದು ಹೇಳಿ ಮೊದಲಿನ ಗುಳಿಗೆ ನಿಲ್ಲಿಸಿ ಬೇರೆ ಬರೆದರು. ಚೀಟಿಯಲ್ಲಿ ಸೋಡಿಯಂ ವಾಲ್ಪ್ರೋಯೇಟ್ ಅಂತ ಇದೆ. ಅದರಿಂದ ಮೈ ಭಾರ, ಕೂದಲು ಉದುರುತ್ತದೆ. ಹಾಗಾಗಿ ದಿನ ಬಿಟ್ಟು ದಿನ ತಗೊಳ್ಳುತ್ತಿದ್ದೇನೆ. ಈ ವರ್ಷ ಮಗುವಿನ ಯೋಚನೆಯೂ ಇದೆ.

ಹೋದ ತಿಂಗಳು ಬೆಂಗಳೂರಿನಲ್ಲಿ ತಂಗಿ ಇನ್ನೊಬ್ಬರಿಗೆ ತೋರಿಸಿದಳು. ಅವರು ಬೈಪೋಲಾರ್ ಅನಿಸುವುದಿಲ್ಲ, ವ್ಯಕ್ತಿತ್ವದ ತೊಂದರೆ ಇರಬಹುದು, ಸೈಕಾಲಜಿ ಟೆಸ್ಟ್ ಮಾಡಿಸಿ ಎಂದರು. ಎರಡು ದಿನ ಮಾಡುತ್ತಾರಂತೆ. ಮಸಿ ಚೆಲ್ಲಿದ ಚಿತ್ರ ತೋರಿಸುತ್ತಾರೆ, ಐನೂರು ಚಿಲ್ಲರೆ ಪ್ರಶ್ನೆ ಕೇಳುತ್ತಾರೆ ಎಂದು ಕೇಳಿ ಎದೆ ಹೊಡೆದುಕೊಳ್ಳುತ್ತಿದೆ. ಮೊಬೈಲಿನಲ್ಲಿ ಒಂಬತ್ತು ಪ್ರಶ್ನೆಯ ಟೆಸ್ಟ್ ತಗೊಂಡೆ, 17 ಬಂತು. ಮಸಿ ಚಿತ್ರಗಳಿಗೆ ಸರಿ ಉತ್ತರ ಯಾವುದು ಎಂದು ಹುಡುಕಿ ಬಾಯಿಪಾಠ ಮಾಡುತ್ತಿದ್ದೇನೆ. ಒಮ್ಮೊಮ್ಮೆ ನಸುಕಿನಲ್ಲಿ ಅವ್ವ ಹೆಸರು ಹಿಡಿದು ಕರೆದ ಹಾಗಾಗುತ್ತದೆ. ಅದನ್ನು ಹೇಳಿದರೆ ಹುಚ್ಚಿ ಅಂತಲೇ ಬರೆಯುತ್ತಾರಲ್ಲವೇ? ನಾದಿನಿ ಈಗಾಗಲೇ "ಆಕಿ ತಲಿ ಸರಿ ಇಲ್ಲ" ಎನ್ನುತ್ತಾಳೆ. ಆ ವರದಿ ಶಾಲೆಗೆ ಹೋದರೆ? ನಾಳೆ ಯಾರಾದರೂ ಅದನ್ನೇ ಹಿಡಿದು ನನ್ನನ್ನು ತವರಿಗೆ ಕಳಿಸಿದರೆ?

ಇನ್ನೊಂದು ಮಾತು. ನಮ್ಮ ಸೋದರಮಾವನಿಗೆ ಹಿಂದೆ ಧಾರವಾಡದಲ್ಲಿ ಕರೆಂಟ್ ಕೊಡಿಸಿದ್ದರಂತೆ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ನಾನೂ ಯಾವ ವೈದ್ಯರಿಗೂ ಹೇಳಿಲ್ಲ. ಮೂವರಲ್ಲಿ ಯಾರು ಸರಿ? ಪರೀಕ್ಷೆ ಮಾಡಿಸಲೇ, ಬೇಡವೇ?

— ಹೆಸರು ಬೇಡ, ಹಾವೇರಿ ಜಿಲ್ಲೆ

ಪ್ರೀತಿಯ ತಂಗಿ,

ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ತಡೆಯುವಂಥವಲ್ಲ. ಅವನ್ನು ಮೊದಲು ಮುಗಿಸುತ್ತೇನೆ. ಪರೀಕ್ಷೆಯ ಮಾತು ಆಮೇಲೆ.

ಒಂದು, ಗುಳಿಗೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಔಷಧಿ ಬರೆಯುವ ವೈದ್ಯೆಯಲ್ಲ. ಆದರೂ ಇಷ್ಟನ್ನು ಹೇಳಲೇಬೇಕು. ಬಸುರಿಯಾದಾಗ ವಾಲ್ಪ್ರೋಯೇಟ್ ತೆಗೆದುಕೊಂಡರೆ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ ಬರಬಹುದು. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ ಕಾಣಬಹುದು. ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಈ ಗುಳಿಗೆಯನ್ನು ಸಾಧ್ಯವಾದಷ್ಟೂ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಗೆಂದು ನಾಳೆಯೇ ನೀವಾಗಿ ಬಿಡುವುದೂ ಅಪಾಯ. ಇಳಿದ ಕಾಯಿಲೆ ಮತ್ತೆ ಏರಬಹುದು. ದಿನ ಬಿಟ್ಟು ದಿನ ತೆಗೆದುಕೊಳ್ಳುವುದಂತೂ ಬಿಟ್ಟ ಹಾಗೂ ಅಲ್ಲ, ತೆಗೆದುಕೊಂಡ ಹಾಗೂ ಅಲ್ಲ. ಈ ವಾರವೇ ಹುಬ್ಬಳ್ಳಿಯ ವೈದ್ಯರನ್ನು ಕಂಡು, "ನಮಗೆ ಮಗು ಬೇಕಾಗಿದೆ. ಬೇರೆ ಗುಳಿಗೆಗೆ ಹೇಗೆ ಬದಲಾಗಬಹುದು?" ಎಂದು ಕೇಳಿ. ದಿನ ಬಿಟ್ಟು ತೆಗೆದುಕೊಳ್ಳುತ್ತಿದ್ದುದನ್ನೂ ಒಪ್ಪಿಕೊಳ್ಳಿ. ಅವರು ಬೈಯುವುದಿಲ್ಲ, ಬೈದರೂ ಪರವಾಗಿಲ್ಲ. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ಎಚ್ಚರ ವಹಿಸಿ. ಮುಟ್ಟು ಈಗಾಗಲೇ ತಡವಾಗಿದ್ದರೆ ಇವತ್ತೇ ಪರೀಕ್ಷಿಸಿಕೊಂಡು ಇವತ್ತೇ ವೈದ್ಯರಿಗೆ ತಿಳಿಸಿ.

ಎರಡು, ಆ 17. ಮೊಬೈಲಿನ ಒಂಬತ್ತು ಪ್ರಶ್ನೆ ಎಂದಿದ್ದೀರಿ, ಅದು ಪಿಎಚ್‌ಕ್ಯೂ-9 ಇರಬೇಕು. ಒಟ್ಟು 27ಕ್ಕೆ ಅಂಕ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಏನು ಒತ್ತಿದಿರಿ ಎಂದು ನೀವು ಬರೆದಿಲ್ಲ. ಸೊನ್ನೆಯಾಗಿದ್ದರೆ ನನಗೆ ಸಮಾಧಾನ. ಸೊನ್ನೆ ಅಲ್ಲದಿದ್ದರೆ ಈ ಪತ್ರಿಕೆಯನ್ನು ಮಡಚಿಟ್ಟು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರಿಗೋ ತಂಗಿಗೋ ಇವತ್ತು ರಾತ್ರಿಯೇ ಹೇಳಿ.

ಈಗ ನಿಮ್ಮ ಪ್ರಶ್ನೆ: ಮೂವರಲ್ಲಿ ಯಾರು ಸರಿ?

ನೀವು ಶಿಕ್ಷಕಿ. ಒಂದೇ ಮಗುವನ್ನು ಒಬ್ಬ ಮೇಷ್ಟ್ರು ಜೂನ್‌ನಲ್ಲಿ ನೋಡಿದರು: ಹೊಸ ಶಾಲೆ, ಬಾಗಿಲ ಹಿಂದೆ ನಿಂತು ಅಳುತ್ತಿದೆ. ಇನ್ನೊಬ್ಬರು ಡಿಸೆಂಬರ್‌ನಲ್ಲಿ, ಶಾಲಾ ವಾರ್ಷಿಕೋತ್ಸವದ ವಾರ ನೋಡಿದರು: ಒಂದು ಕಡೆ ಕೂರುತ್ತಿಲ್ಲ. ಮೂರನೆಯವರು ಮಾರ್ಚ್‌ನಲ್ಲಿ ನೋಡಿದರು: ಗೆಳೆಯರ ಜೊತೆ ಬರೀ ಮುನಿಸು. ಮೂವರೂ ಮೂರು ಷರಾ ಬರೆದರು. ಯಾರೂ ಸುಳ್ಳು ಬರೆಯಲಿಲ್ಲ, ಯಾರ ಷರಾದಲ್ಲೂ ಇಡೀ ಮಗು ಇಲ್ಲ. ದಾವಣಗೆರೆಯವರು ನಿಮ್ಮನ್ನು ಕುಸಿದಾಗ ನೋಡಿದರು. ಹುಬ್ಬಳ್ಳಿಯವರು ಏರಿದಾಗ ನೋಡಿದರು. ಬೆಂಗಳೂರಿನವರು ನೋಡಿದ್ದು ಎರಡೂ ಮುಗಿದು ಮನೆಯಲ್ಲಿ ಮಾತು ಒಡೆದಿದ್ದಾಗ.

ಇದರ ಮೇಲೆ ಇನ್ನೊಂದು ತೊಡಕು. ರಕ್ತದಲ್ಲಿ ಸಕ್ಕರೆ ಅಳೆಯುವ ಹಾಗೆ ಡಿಪ್ರೆಶನ್ನನ್ನೋ ಬೈಪೋಲಾರನ್ನೋ ಅಳೆಯುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ವೈದ್ಯರಿಗೆ ಇರುವುದು ನಿಮ್ಮ ಮಾತು, ಮನೆಯವರ ಮಾತು ಮತ್ತು ತಮ್ಮ ಕಣ್ಣು. ಆದ್ದರಿಂದ ತಜ್ಞರ ನಡುವೆಯೇ ಭಿನ್ನಾಭಿಪ್ರಾಯ ಬರುತ್ತದೆ. ಇದು ನಮ್ಮೂರಿನ ಕೊರತೆಯಲ್ಲ. 1970ರ ಸುಮಾರಿಗೆ ಅಮೆರಿಕ ಮತ್ತು ಬ್ರಿಟನ್ನಿನ ಮನೋವೈದ್ಯರಿಗೆ ಕೆಲವು ರೋಗಿಗಳ ಸಂದರ್ಶನದ ಒಂದೇ ಚಿತ್ರೀಕರಣ ತೋರಿಸಿದರು. ಒಬ್ಬ ರೋಗಿಯನ್ನು ಅಮೆರಿಕದ ಬಹುಪಾಲು ವೈದ್ಯರು ಸ್ಕಿಜೋಫ್ರೇನಿಯಾ ಎಂದರೆ, ಬ್ರಿಟನ್ನಿನಲ್ಲಿ ಹಾಗೆಂದವರು ಬೆರಳೆಣಿಕೆಯಷ್ಟು ಮಂದಿ. ಇಂಥ ಮುಜುಗರಗಳಿಂದಾಗಿಯೇ 1980ರಲ್ಲಿ ಅಮೆರಿಕದ ಡಿಎಸ್‌ಎಮ್ ಎಂಬ ಮಾನಸಿಕ ಕಾಯಿಲೆಗಳ ಕೈಪಿಡಿಯನ್ನು ಹೊಸದಾಗಿ ಬರೆದು, ಪ್ರತಿ ಕಾಯಿಲೆಗೂ ಇಷ್ಟು ಲಕ್ಷಣ, ಇಷ್ಟು ದಿನ ಎಂದು ಪಟ್ಟಿ ಮಾಡಿದರು. ಆದರೂ ಗೊಂದಲ ಪೂರ್ತಿ ಹೋಗಲಿಲ್ಲ. ಅದರ ಐದನೆಯ ಆವೃತ್ತಿಗೆ ಮುಂಚೆ, ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಒಬ್ಬನೇ ರೋಗಿಯನ್ನು ನೋಡಿದರೆ ಎಷ್ಟು ಹೊಂದಿಕೆ ಬರುತ್ತದೆ ಎಂದು ಅಳೆದರು. ಸೊನ್ನೆ ಎಂದರೆ ಬರೀ ಅದೃಷ್ಟದ ಹೊಂದಿಕೆ, ಒಂದು ಎಂದರೆ ಪೂರ್ಣ ಹೊಂದಿಕೆ. ಆಘಾತದ ನಂತರದ ಒತ್ತಡದ ಕಾಯಿಲೆಗೆ 0.67 ಬಂತು, ಬೈಪೋಲಾರ್‌ನ ತೀವ್ರ ರೂಪಕ್ಕೆ 0.56. ಎಲ್ಲರಿಗೂ ಪರಿಚಿತವಾದ ಡಿಪ್ರೆಶನ್ನಿಗೆ ಬರೀ 0.28!

ಇದನ್ನು ಓದಿ "ಹಾಗಾದರೆ ಎಲ್ಲವೂ ಬೊಗಳೆ" ಎನ್ನಬೇಡಿ. ನಿಮ್ಮ ಸಂಕಟ ಬೊಗಳೆಯಲ್ಲ, ಗುಳಿಗೆಯಿಂದ ಬಂದ ನಿದ್ದೆಯೂ ಬೊಗಳೆಯಲ್ಲ. ಕಾಯಿಲೆಯ ಹೆಸರು ಅಂದರೆ ಆ ಹೊತ್ತಿಗೆ ಕೈಗೆ ಸಿಕ್ಕ ಮಾಹಿತಿಯ ಮೇಲೆ ಚಿಕಿತ್ಸೆ ಶುರುಮಾಡಲು ಇಟ್ಟುಕೊಂಡ ಹೆಸರು. ಮಾಹಿತಿ ಬದಲಾದರೆ ಹೆಸರೂ ಬದಲಾಗುತ್ತದೆ. ಮೊದಲು ಡಿಪ್ರೆಶನ್ ಎಂದವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಬೈಪೋಲಾರ್ ಎಂದು ತಿದ್ದುವುದು ನಮ್ಮ ಕೆಲಸದಲ್ಲಿ ಸಾಮಾನ್ಯ ಸಂಗತಿ.

ನಿಮ್ಮ ಮಟ್ಟಿಗೆ ವಾದ ನಿಂತಿರುವುದು ಒಂದು ಸಣ್ಣ ಜಾಗದಲ್ಲಿ. ಅವತ್ತು ಮನಸ್ಸು ಏರಿದ್ದು ಡಿಪ್ರೆಶನ್ ಗುಳಿಗೆ ಶುರುವಾದ ಮೇಲೆ. ಬೈಪೋಲಾರ್ ಒಳಗಿದ್ದವರಿಗೆ ಆ ಗುಳಿಗೆ ಮನಸ್ಸನ್ನು ಹಾಗೆ ಮೇಲಕ್ಕೆ ಎಸೆಯಬಹುದು. ಗುಳಿಗೆಯ ಅಡ್ಡಪರಿಣಾಮವಾಗಿಯೂ ನಾಲ್ಕು ದಿನ ಹಾಗಾಗಿ ಇಳಿದಿರಬಹುದು. ಔಷಧಿಯ ಪ್ರಭಾವ ಕಳೆದ ಮೇಲೂ ಪೂರ್ಣ ಲಕ್ಷಣಗಳು ಉಳಿದರೆ ಮಾತ್ರ ಅದನ್ನು ಬೈಪೋಲಾರ್ ಲೆಕ್ಕಕ್ಕೆ ಹಿಡಿಯಬೇಕೆಂದು ಕೈಪಿಡಿ ಹೇಳುತ್ತದೆ. ಹಾಗಿದ್ದರೆ ಕೇಳಬೇಕಾದ ಪ್ರಶ್ನೆಗಳು ಇವು. ಕಡಿಮೆ ನಿದ್ದೆ, ಮಿತಿಮೀರಿದ ಹುಮ್ಮಸ್ಸು, ಕೈಬಿಟ್ಟ ಖರ್ಚು ಎಷ್ಟು ದಿನ ಇತ್ತು? ನಾಲ್ಕು ದಿನವೇ, ವಾರ ದಾಟಿತೇ? ಗುಳಿಗೆ ನಿಲ್ಲಿಸಿದ ಎಷ್ಟು ದಿನಕ್ಕೆ ಇಳಿಯಿತು? ಗುಳಿಗೆ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ, ಡಿ.ಎಡ್. ಓದುವಾಗಲೋ ಮದುವೆಯ ಮೊದಲೋ, ಅಂಥ ದಿನಗಳು ಬಂದಿದ್ದವೇ? ಮನೆತನದಲ್ಲಿ ಯಾರಿಗಾದರೂ ಇತ್ತೇ?

ಇಲ್ಲಿ ನಿಮ್ಮ ಸೋದರಮಾವ ಬರುತ್ತಾರೆ, ತಂಗಿ. ಪತ್ರದ ಕೊನೆಗೆ "ಇನ್ನೊಂದು ಮಾತು" ಎಂದು ಸೇರಿಸಿದಿರಲ್ಲ, ನನ್ನ ಕಣ್ಣಿಗೆ ಬಿದ್ದ ಮೊದಲ ಮಾತು ಅದು. ಬೈಪೋಲಾರ್ ಮನೆತನದಲ್ಲಿ ಹರಿದುಬರುವ ಕಾಯಿಲೆ. ಮಾವನಿಗೆ ಇದ್ದ ಮಾತ್ರಕ್ಕೆ ನಿಮಗೂ ಬರಬೇಕೆಂದಿಲ್ಲ. ಅವರಿಗೆ ಇದ್ದದ್ದು ಬೇರೆಯೇ ಕಾಯಿಲೆಯೂ ಇರಬಹುದು. ಕರೆಂಟ್ ಚಿಕಿತ್ಸೆಯನ್ನು ತೀವ್ರ ಡಿಪ್ರೆಶನ್ನಿಗೂ ಕೊಡುತ್ತಾರೆ. ಆದರೆ ಈ ಒಂದು ಸಂಗತಿ ತಿಳಿದಿದ್ದರೆ ದಾವಣಗೆರೆಯವರು ಮೊದಲ ಗುಳಿಗೆ ಬರೆಯುವಾಗಲೇ ಇನ್ನೊಮ್ಮೆ ಯೋಚಿಸುತ್ತಿದ್ದರು, ಬೆಂಗಳೂರಿನವರು ಬೈಪೋಲಾರ್ ಅಲ್ಲ ಎನ್ನುವ ಮುಂಚೆ ಇನ್ನಷ್ಟು ಕೆದಕುತ್ತಿದ್ದರು. ಬಂಗಾರ ಅಡವಿಟ್ಟದ್ದನ್ನು ಬೆಂಗಳೂರಿನಲ್ಲಿ ಹೇಳಿದಿರಾ? ನನಗೆ ಅನುಮಾನ. ಮೂವರು ವೈದ್ಯರು ಮೂರು ಹೆಸರು ಕೊಟ್ಟರೆಂದು ಬೇಸರಪಟ್ಟಿದ್ದೀರಿ. ನೀವು ಅವರಿಗೆ ಕೊಟ್ಟದ್ದೂ ಮೂರು ಬೇರೆ ಬೇರೆ ಕತೆ. ಇದನ್ನು ತಪ್ಪು ಹೊರಿಸಲು ಹೇಳುತ್ತಿಲ್ಲ. ನಾಚಿಕೆಯಾದಾಗ ಎಲ್ಲರೂ ಕತೆಯ ತುದಿ ಕತ್ತರಿಸಿಯೇ ಹೇಳುತ್ತೇವೆ.

ಇನ್ನು ಪರೀಕ್ಷೆ. ಎರಡು ದಿನ ಕೂರಿಸುತ್ತಾರೆ ಎಂದರೆ ಪೊಲೀಸ್ ಠಾಣೆಯ ವಿಚಾರಣೆ ಎಂದುಕೊಳ್ಳಬೇಡಿ. ಒಂದು ಕೋಣೆ, ಒಂದು ಮೇಜು, ಎದುರಿಗೆ ನನ್ನಂಥ ಒಬ್ಬರು. ನಡುವೆ ಚಹಾಕ್ಕೆ ಬಿಡುತ್ತಾರೆ. ಐನೂರು ಚಿಲ್ಲರೆ ಪ್ರಶ್ನೆ ಎಂದರೆ ಬಹುಶಃ ಎಮ್‌ಎಮ್‌ಪಿಐ-2. ಅದರಲ್ಲಿ 567 ವಾಕ್ಯಗಳು, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು. ಮಸಿ ಚಿತ್ರಗಳು ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾ 1921ರಲ್ಲಿ ಪ್ರಕಟಿಸಿದ ಹತ್ತು ಕಾರ್ಡುಗಳು. ಅವನು ಮರುವರ್ಷವೇ ತೀರಿಕೊಂಡ. ಅವನ ಕಾರ್ಡುಗಳ ಬಗ್ಗೆ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಆ ಜಗಳವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಯೋಚನೆಯ ಸರಣಿ ತೀವ್ರವಾಗಿ ಕದಡಿದ್ದರೆ ಮಸಿ ಚಿತ್ರಗಳು ಅದನ್ನು ತಕ್ಕಮಟ್ಟಿಗೆ ತೋರಿಸುತ್ತವೆ ಎಂಬುದನ್ನು ಅದರ ಕಟು ಟೀಕಾಕಾರರೂ ಕೊನೆಗೆ ಒಪ್ಪಿದ್ದಾರೆ. ಆದರೆ ಡಿಪ್ರೆಶನ್ ಇದೆಯೇ, ಬೈಪೋಲಾರ್ ಇದೆಯೇ ಎಂಬ ಪ್ರಶ್ನೆಗೆ ಆ ಕಾರ್ಡುಗಳಲ್ಲಿ ಉತ್ತರವಿಲ್ಲ. ಹಳೆಯ ಅಳತೆಪಟ್ಟಿಗಳನ್ನು ಹಿಡಿದಾಗ ಆರೋಗ್ಯವಂತರೇ ರೋಗಿಗಳಂತೆ ಕಂಡದ್ದುಂಟು. ಎಮ್‌ಎಮ್‌ಪಿಐ 1943ರಲ್ಲಿ ಮೊದಲು ಹೊರಬಂದಾಗ ಅದರ "ಸಾಮಾನ್ಯ ಮನುಷ್ಯ" ಯಾರಾಗಿದ್ದ ಗೊತ್ತೇ? ಅಮೆರಿಕದ ಮಿನೆಸೋಟಾದ ಆಸ್ಪತ್ರೆಯೊಂದಕ್ಕೆ ರೋಗಿಗಳನ್ನು ನೋಡಲು ಬಂದಿದ್ದ ನೆಂಟರಿಷ್ಟರು. 1989ರಲ್ಲಿ ಅದನ್ನು ತಿದ್ದಿ ಅಮೆರಿಕದ ಬೇರೆ ಬೇರೆ ಜನರನ್ನು ಸೇರಿಸಿದರು. ಆದರೂ ಆ ಅಳತೆಗೋಲು ಹಾವೇರಿಯ ಹೆಣ್ಣುಮಗಳಿಗಾಗಿ ಮಾಡಿದ್ದಲ್ಲ.

ಅಳತೆಗೋಲು ಊರಿಗೆ ಹೊಂದಬೇಕು ಎಂಬುದು ನಮ್ಮವರಿಗೆ ಹಿಂದೆಯೇ ಹೊಳೆದಿತ್ತು. ಪ್ಯಾರಿಸ್ಸಿನಲ್ಲಿ 1905ರಲ್ಲಿ ಹುಟ್ಟಿದ ಬಿನೆಯ ಬುದ್ಧಿಪರೀಕ್ಷೆ ಅಮೆರಿಕ ಸುತ್ತಿ ಇಲ್ಲಿಗೆ ಬಂದಾಗ, ವಿ.ವಿ. ಕಾಮತರು ಅದನ್ನು ಮುಂಬಯಿ ಪ್ರಾಂತ್ಯದ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ 1940ರಲ್ಲಿ ಪುಸ್ತಕ ತಂದರು. ನಿಮ್ಮ ಹಾವೇರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಬಿನೆ-ಕಾಮತ್ ಪರೀಕ್ಷೆಯ ಹೆಸರನ್ನು ನಿಮ್ಮ ಶಾಲೆಯ ಯಾವುದೋ ಮಗುವಿನ ವರದಿಯಲ್ಲಿ ನೀವು ಕಂಡಿರಲೂಬಹುದು.

ನಾನೇ ಎಡವಿದ ಒಂದು ಪ್ರಸಂಗ ಹೇಳುತ್ತೇನೆ. ತರಬೇತಿಯ ದಿನಗಳಲ್ಲಿ ಒಬ್ಬ ಕುರಿಗಾಹಿ ಅಜ್ಜನನ್ನು ನನ್ನೆದುರು ಕೂರಿಸಿದ್ದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದೆ. ತೊಂಬತ್ಮೂರು ಎಂದವರು ಅಲ್ಲೇ ನಿಂತರು. "ಏಕಾಗ್ರತೆ ಇಲ್ಲ" ಎಂದು ಬರೆದೆ. ನಮ್ಮ ಮೇಡಂ ಬಂದು ನೋಡಿ, ಅಜ್ಜನ ಪಕ್ಕ ಕೂತು, "ಹಿಂಡಿನಾಗ ಎಷ್ಟು ಕುರಿ ಅದಾವು? ಸಂಜೀಕ ಒಂದು ತಪ್ಪಿದ್ರ ಹೆಂಗ ಗೊತ್ತಾಕ್ಕೈತಿ?" ಎಂದು ಕೇಳಿದರು. ಅಜ್ಜ ನೂರಿಪ್ಪತ್ತು ಕುರಿಗಳ ಬಣ್ಣ, ಕಿವಿ, ಕೊಂಬು, ತಾಯಿ-ಮರಿ ಸಂಬಂಧ ಹೇಳುತ್ತಾ ಹೋದರು. ಎಣಿಸುವುದೇ ಬೇಡವಂತೆ, ಯಾವುದು ಇಲ್ಲ ಎಂಬುದು ಕಣ್ಣಿಗೇ ತಿಳಿಯುತ್ತದಂತೆ. ಮೇಡಂ ನನ್ನ ಸಾಲನ್ನು ಹೊಡೆದುಹಾಕಿದರು, ಮಾತಾಡಲಿಲ್ಲ. ಅವತ್ತಿನಿಂದ ಎದುರಿಗಿರುವ ಮನುಷ್ಯರನ್ನು ನೋಡಿ ಆಮೇಲೆ ಅಂಕ ನೋಡುತ್ತೇನೆ. ಒಳ್ಳೆಯ ಪರೀಕ್ಷಕರೆಲ್ಲ ಹಾಗೆಯೇ ಮಾಡುತ್ತಾರೆ.

ಆ 17ನ್ನೂ ಹಾಗೆಯೇ ನೋಡೋಣ. ಪಿಎಚ್‌ಕ್ಯೂ-9ರಲ್ಲಿ ಹತ್ತು ಮುಟ್ಟಿದರೆ ಡಿಪ್ರೆಶನ್ ಇರಬಹುದೆಂದು ಶಂಕಿಸುತ್ತಾರೆ. 2001ರ ಮೂಲ ಅಧ್ಯಯನದಲ್ಲಿ ಈ ಗಡಿ ಕಾಯಿಲೆ ಇದ್ದ ನೂರರಲ್ಲಿ 88 ಜನರನ್ನು ಹಿಡಿಯಿತು, ಇಲ್ಲದ ನೂರರಲ್ಲಿ 88 ಜನರನ್ನು ಸರಿಯಾಗಿ ಬಿಟ್ಟಿತು. ಒಳ್ಳೆಯ ಫಲಿತಾಂಶವೇ. ಈಗ ಕರಿಹಲಗೆಯ ಲೆಕ್ಕ ಮಾಡಿ. ಒಂದು ಊರಿನಲ್ಲಿ ಸಾವಿರ ಜನ, ಅವರಲ್ಲಿ 50 ಮಂದಿಗೆ ಡಿಪ್ರೆಶನ್ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ 44 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 950 ಜನರಲ್ಲಿ ನೂರಕ್ಕೆ ಹನ್ನೆರಡರಂತೆ 114 ಮಂದಿಯನ್ನೂ ಹಿಡಿಯುತ್ತದೆ. ಒಟ್ಟು 158 ಜನರ ಕೈಗೆ "ಇದೆ" ಎಂಬ ಫಲಿತಾಂಶ ಹೋದರೆ ನಿಜವಾಗಿ ಇರುವುದು 44 ಮಂದಿಗೆ. ನೀವು ದಾರಿಹೋಕರಲ್ಲ, ಆಗಲೇ ನರಳಿದವರು. ಹಾಗಾಗಿ ನಿಮ್ಮ 17ನ್ನು ವೈದ್ಯರಿಗೆ ಹೇಳಲೇಬೇಕು. ಆದರೆ ಮೊಬೈಲ್ ಮಾಡಿದ್ದು ಬಾಗಿಲು ಬಡಿಯುವ ಕೆಲಸ ಅಷ್ಟೇ. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಸುಸ್ತು, ಮರೆವು, ಬೇಸರ ಬಂದು ಅಂಕ ಏರುತ್ತದೆ. ಆ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಕೇಳಿ ಮಾಡಿಸಿ.

ಮಸಿ ಚಿತ್ರಗಳಿಗೆ ಉತ್ತರ ಬಾಯಿಪಾಠ ಮಾಡುವುದನ್ನು ಇವತ್ತೇ ನಿಲ್ಲಿಸಿ. ಅಲ್ಲಿ ಸರಿ ಉತ್ತರ ಎಂಬುದೇ ಇಲ್ಲ. ಉರು ಹೊಡೆದ ಉತ್ತರ ನಿಮ್ಮ ಉತ್ತರವಲ್ಲವಾದ್ದರಿಂದ ಕೊಟ್ಟ ದುಡ್ಡೂ ಎರಡು ದಿನವೂ ದಂಡ. ಆ 567 ವಾಕ್ಯಗಳಲ್ಲೂ ತಾವು ಬಹಳ ಒಳ್ಳೆಯವರೆಂದು ತೋರಿಸಿಕೊಳ್ಳುವವರನ್ನು, ನೋವನ್ನು ಹಿಗ್ಗಿಸಿ ಹೇಳುವವರನ್ನು ಗುರುತಿಸುವ ಲೆಕ್ಕಗಳು ಸೇರಿವೆ. ನಕಲು ಹೊಡೆದ ಉತ್ತರಪತ್ರಿಕೆ ನಿಮಗೆ ದೂರದಿಂದಲೇ ಗೊತ್ತಾಗುವುದಿಲ್ಲವೇ, ಹಾಗೆ.

ಅವ್ವ ಕರೆದ ಹಾಗಾಗುವುದನ್ನೂ ಮುಚ್ಚಿಡಬೇಡಿ. ಆಪ್ತರನ್ನು ಕಳೆದುಕೊಂಡವರಿಗೆ ಅವರ ದನಿ ಕೇಳುವುದು, ಅವರು ಅಡುಗೆಮನೆಯಲ್ಲಿ ಓಡಾಡಿದಂತಾಗುವುದು ತೀರಾ ಸಾಮಾನ್ಯ. ಅರೆನಿದ್ದೆಯ ನಸುಕಿನಲ್ಲಂತೂ ಇನ್ನೂ ಹೆಚ್ಚು. ತಿಳಿದ ಯಾರೂ ಅದನ್ನು ಹುಚ್ಚು ಎಂದು ಬರೆಯುವುದಿಲ್ಲ. ಆದರೆ ಇಂಥದ್ದನ್ನು ಹೇಳಲು ನಿಮ್ಮ ಮಾತೇ ಬೇಕು. ಹರಕುಮುರುಕು ಇಂಗ್ಲಿಷಿನಲ್ಲಿ "ದನಿ ಕೇಳುತ್ತದೆ" ಎಂದಷ್ಟೇ ಹೇಳಿದರೆ ಬೇರೆ ಅರ್ಥವಾದೀತು. ಪರೀಕ್ಷೆ ಕನ್ನಡದಲ್ಲೇ ನಡೆಯಲಿ ಎಂದು ಮೊದಲೇ ಕೇಳಿ.

ವ್ಯಕ್ತಿತ್ವದ ತೊಂದರೆ ಎಂಬ ಮೂರನೆಯ ಹೆಸರಿನ ಬಗ್ಗೆಯೂ ಒಂದು ಮಾತು. ವ್ಯಕ್ತಿತ್ವ ಎಂದರೆ ಹರೆಯದಿಂದ ಜೊತೆಗೆ ಬಂದ ನಡೆ. ಅವ್ವ ಇದ್ದಾಗ ನೀವು ಹೇಗಿದ್ದಿರಿ ಎಂಬುದರಿಂದ ಅದು ತಿಳಿಯಬೇಕು, ಈ ಎರಡು ವರ್ಷದಿಂದಲ್ಲ. ಮನಸ್ಸು ಏರಿಳಿತದಲ್ಲಿರುವಾಗ ವ್ಯಕ್ತಿತ್ವ ಅಳೆಯುವುದೆಂದರೆ ಆಷಾಢದಲ್ಲಿ ವರದಾ ಹೊಳೆಯ ಆಳ ನೋಡಿ ವರ್ಷವಿಡೀ ಇಷ್ಟೇ ನೀರು ಎಂದ ಹಾಗೆ. ನಿದ್ದೆ, ಗುಳಿಗೆ ಎರಡೂ ಒಂದು ಹದಕ್ಕೆ ಬರುವವರೆಗೆ ಪರೀಕ್ಷೆಯನ್ನು ಮುಂದೂಡಬಹುದೇ ಎಂದು ಕೇಳಿ. ಈ ಪ್ರಶ್ನೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ವರದಿ ಬಂದ ಮೇಲೆ ಇನ್ನೊಂದು ಎಚ್ಚರ ಇರಲಿ. 1948ರಲ್ಲಿ ಅಮೆರಿಕದ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ "ಇದು ನಿನ್ನದು" ಎಂದು ಒಂದು ವರದಿ ಕೊಟ್ಟ. ಎಷ್ಟು ನಿಜವಿದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ನಾಲ್ಕಕ್ಕೂ ಹೆಚ್ಚು ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ. ಅದರ ಬಹುಪಾಲು ಮಾತುಗಳನ್ನು ಅವನು ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ನಿಮ್ಮ ವರದಿಯಲ್ಲಿ "ಭಾವುಕ ಸ್ವಭಾವ, ಟೀಕೆ ಸಹಿಸುವುದಿಲ್ಲ" ಎಂದಿದ್ದರೆ ಎದೆಗೆ ಹಚ್ಚಿಕೊಳ್ಳಬೇಡಿ. ಅದು ನಿಮ್ಮ ನಾದಿನಿಗೂ ಹೊಂದುತ್ತದೆ, ನನಗೂ ಹೊಂದುತ್ತದೆ.

ಪರೀಕ್ಷೆಗೆ ಒಪ್ಪುವ ಮುಂಚೆ ಕೇಳಬೇಕಾದ್ದನ್ನು ಕೇಳಿ. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರೇ? ಈ ಪರೀಕ್ಷೆಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ? ಉತ್ತರ ಏನೇ ಬಂದರೂ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ವರದಿ ಯಾರ ಕೈಗೆ ಹೋಗುತ್ತದೆ? ಅದನ್ನು ಕೂತು ಬಿಡಿಸಿ ಹೇಳುತ್ತೀರಾ? ಮೂರನೆಯ ಪ್ರಶ್ನೆಗೆ "ಏನೂ ಬದಲಾಗುವುದಿಲ್ಲ" ಎಂಬ ಉತ್ತರ ಬಂದರೆ ಆ ದುಡ್ಡು ಉಳಿಸಿ, ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಿ.

ಕೊನೆಯ ಭಯ, ಕಾಗದದ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಲ್ಲಿ ನಿಮ್ಮ ಬೆನ್ನಿಗಿದೆ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಎಂಬುದು ಅದರ 23ನೇ ಸೆಕ್ಷನ್. ನ್ಯಾಯಾಲಯ ಕೇಳಿದರೆ, ಯಾರ ಜೀವಕ್ಕಾದರೂ ಅಪಾಯವಿದ್ದರೆ, ಹೀಗೆ ಕೆಲವೇ ವಿನಾಯಿತಿಗಳಿವೆ. ಮುಖ್ಯೋಪಾಧ್ಯಾಯರಿಗೆ ಕುತೂಹಲವಿದೆ ಎಂಬುದು ಅದರಲ್ಲಿ ಇಲ್ಲ. ನಿಮ್ಮ ವೈದ್ಯಕೀಯ ದಾಖಲೆಯನ್ನು ನೀವು ಕೇಳಿ ಪಡೆಯಬಹುದು ಎನ್ನುವುದು 25ನೇ ಸೆಕ್ಷನ್. 3ನೇ ಸೆಕ್ಷನ್ನಂತೂ ನಿಮಗಾಗಿಯೇ ಬರೆದ ಹಾಗಿದೆ: ಯಾರಿಗಾದರೂ ಮಾನಸಿಕ ಕಾಯಿಲೆ ಇದೆ ಎನ್ನಲು ವೈದ್ಯಕೀಯ ಮಾನದಂಡ ಬೇಕು, ಮನೆಯ ಅಥವಾ ಸಮಾಜದ ರೀತಿನೀತಿಗೆ ಹೊಂದಲಿಲ್ಲ ಎಂಬುದು ಸಾಲದು; ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಈಗಲೂ ಕಾಯಿಲೆ ಇದೆ ಎನ್ನಲು ಆಧಾರವಾಗದು; ಕಾಯಿಲೆ ಇದ್ದರೂ ನ್ಯಾಯಾಲಯ ಹೇಳದೆ ಅವರನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಎಣಿಸುವಂತಿಲ್ಲ. ತವರಿಗೆ ಕಳಿಸುವ ಮಾತಿಗೆ ಬಂದರೆ, 1988ರಷ್ಟು ಹಿಂದೆಯೇ ವಿಚ್ಛೇದನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಸ್ಕಿಜೋಫ್ರೇನಿಯಾ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ಮದುವೆ ಮುರಿಯಲಾಗದು, ಒಟ್ಟಿಗೆ ಬಾಳಲು ಸಾಧ್ಯವೇ ಇಲ್ಲದಷ್ಟು ತೀವ್ರತೆ ಇದೆಯೇ ಎಂದು ನೋಡಬೇಕು. ಮೂರು ಚೀಟಿಯಲ್ಲಿ ಮೂರು ಹೆಸರಿರುವ, ದಿನವೂ ಶಾಲೆಗೆ ಹೋಗಿ ಪಾಠ ಮಾಡುವ ನಿಮ್ಮ ಮೇಲೆ ನಾದಿನಿಯ ಮಾತು ನಡೆಯುವುದಿಲ್ಲ. ಆಕೆಗೆ ಯಾವ ಚೀಟಿಯನ್ನೂ ತೋರಿಸಬೇಕಾದ ಹಂಗು ನಿಮಗಿಲ್ಲ.

ಪರೀಕ್ಷೆ ಮಾಡಿಸಲೇ ಎಂದು ಕೇಳಿದಿರಿ. ನನ್ನ ಉತ್ತರ: ಮಾಡಿಸಿ, ಆದರೆ ಅವಸರ ಬೇಡ, ಅದೇ ಮೊದಲೂ ಬೇಡ. ಮೊದಲು ಈ ವಾರ ಹುಬ್ಬಳ್ಳಿಗೆ ಹೋಗಿ ಗುಳಿಗೆಯ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಎಷ್ಟು ತಾಸು ನಿದ್ದೆ, ಮನಸ್ಸು ಹತ್ತಕ್ಕೆ ಎಷ್ಟು, ಗುಳಿಗೆ ತಗೊಂಡದ್ದು, ಮುಟ್ಟಿನ ದಿನ. ಹಾಜರಿ ಪುಸ್ತಕ ಬರೆಯುವವರಿಗೆ ಇದು ಕಷ್ಟವಲ್ಲ. ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಡಿ.ಎಡ್. ಕಾಲದಿಂದ ಇವತ್ತಿನವರೆಗೆ ಯಾವಾಗ ಕುಸಿದಿರಿ, ಯಾವಾಗ ಏರಿದಿರಿ, ಎಷ್ಟು ದಿನ ಎಂದು ಗೆರೆ ಎಳೆದು ಗುರುತು ಹಾಕಿ. ತಂಗಿಯನ್ನೂ ಯಜಮಾನರನ್ನೂ ಕೂರಿಸಿಕೊಂಡು ತುಂಬಿಸಿ. ಏರಿದ ದಿನಗಳು ಏರಿದವರಿಗಿಂತ ನೋಡಿದವರಿಗೇ ಚೆನ್ನಾಗಿ ನೆನಪಿರುತ್ತವೆ. ಅಪ್ಪನನ್ನೋ ದೊಡ್ಡಮ್ಮನನ್ನೋ ಒಂದು ಸಂಜೆ ಒಬ್ಬರೇ ಸಿಕ್ಕಾಗ, ಮಾವನಿಗೆ ಧಾರವಾಡದಲ್ಲಿ ಏನಾಗಿತ್ತು ಎಂದು ಮೆತ್ತಗೆ ಕೇಳಿ. ವೈದ್ಯರನ್ನು ಮತ್ತೆ ಮತ್ತೆ ಬದಲಿಸದೆ, ನಿಮ್ಮ ಮಾತು ಕೇಳುವ ಒಬ್ಬರ ಹತ್ತಿರ ಆರು ತಿಂಗಳು ನಿಲ್ಲಿ. ಒಬ್ಬರೇ ವೈದ್ಯರು ಬೇರೆ ಬೇರೆ ಕಾಲದಲ್ಲಿ ನಿಮ್ಮನ್ನು ನೋಡಿದರೆ ಈ ವಾದ ಬಹುಪಾಲು ತಾನಾಗಿಯೇ ಮುಗಿಯುತ್ತದೆ.

ಬೆಂಗಳೂರಿನ ಬಸ್ಸು ಹತ್ತುವ ದಿನ ಮೂರೂ ಚೀಟಿಗಳನ್ನು, ಆ ನೋಟ್‌ಬುಕ್ಕನ್ನು, ಆ ಹಾಳೆಯನ್ನು ಚೀಲದಲ್ಲಿಟ್ಟುಕೊಳ್ಳಿ. ಹಾಳೆಯಲ್ಲಿ ಬಂಗಾರ ಅಡವಿಟ್ಟ ದಿನವೂ ಇರಲಿ, ಸೋದರಮಾವನ ಹೆಸರೂ ಇರಲಿ.